ಉಂಡ ಮನೆಯ ಋಣ ಮತ್ತು ಹಾಜರಿ ಪುಸ್ತಕ: ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ನೌಕರಿಯ ಚರಿತ್ರೆ

೧

ಮುಂಬಯಿ ಕನ್ನಡಿಗರ ಸಂಘಸಂಸ್ಥೆಗಳು, ಸಾಹಿತ್ಯ, ರಂಗಭೂಮಿ ಹಾಗೂ ಪತ್ರಿಕೆಗಳನ್ನು ಕುರಿತು ಈಗಾಗಲೇ ಸಾಕಷ್ಟು ಬರವಣಿಗೆ ನಡೆದಿದೆ. ಹೋಟೆಲು ಉದ್ಯಮವನ್ನು ಕುರಿತ ಬರವಣಿಗೆಗೂ ಕೊರತೆಯಿಲ್ಲ. ಆದರೆ ಅದರ ಬಹುಭಾಗವು ಹೋಟೆಲು ಕಟ್ಟಿದವರ ಜೀವನವೃತ್ತಾಂತದ ರೂಪದಲ್ಲಿದೆ. ಬರಿಗೈಯಲ್ಲಿ ಮಹಾನಗರಕ್ಕೆ ಬಂದ ಹುಡುಗನೊಬ್ಬ ಪಾತ್ರೆ ತೊಳೆದು, ಮೇಜು ಒರೆಸಿ, ಕಡೆಗೆ ತಾನೇ ಧಣಿಯಾದ ಕಥೆ ಅದು. ಅಭಿನಂದನ ಗ್ರಂಥಗಳಲ್ಲಿ, ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಈ ಕಥೆ ಮತ್ತೆ ಮತ್ತೆ ಬರುತ್ತದೆ. ಅದು ಸುಳ್ಳಲ್ಲ. ಆದರೆ ಒಂದು ಹೋಟೆಲಿಗೆ ಧಣಿ ಒಬ್ಬ, ನೌಕರರು ಹಲವರು. ಪಾತ್ರೆ ತೊಳೆದವರೆಲ್ಲ ಧಣಿಗಳಾಗುವುದು ಲೆಕ್ಕಾಚಾರಕ್ಕೇ ಒಗ್ಗದ ಮಾತು. ಉಳಿದವರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಕರ್ನಾಟಕದ ಹೊರಗಿನ ವಿದ್ವಾಂಸರಿಗಾಗಿ ಒಂದೆರಡು ಮಾತುಗಳನ್ನು ಮೊದಲೇ ಸ್ಪಷ್ಟಪಡಿಸಬೇಕು. ಕನ್ನಡದಲ್ಲಿ ‘ಹೋಟೆಲು’ ಎಂದರೆ ಬಹುಮಟ್ಟಿಗೆ ಉಪಾಹಾರಗೃಹ, ವಸತಿಗೃಹವಲ್ಲ. ‘ಉಡುಪಿ ಹೋಟೆಲು’ ಎಂಬ ಹೆಸರು ಅಷ್ಟಮಠಗಳ ಊರಾದ ಉಡುಪಿಯಿಂದಲೂ ಅಲ್ಲಿನ ಶಿವಳ್ಳಿ ಬ್ರಾಹ್ಮಣರ ಅಡಿಗೆಯ ಕೀರ್ತಿಯಿಂದಲೂ ಬಂದುದಾದರೂ, ಮುಂಬಯಿಯಲ್ಲಿ ಈ ಹೆಸರಿನ ಕೆಳಗೆ ದುಡಿದವರು ಒಂದೇ ಜಾತಿಯವರಲ್ಲ. ಗೌಡ ಸಾರಸ್ವತರು, ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು ಎಲ್ಲರೂ ಈ ಉದ್ಯಮದ ಒಂದಲ್ಲ ಒಂದು ಮೆಟ್ಟಿಲಿನಲ್ಲಿ ಇದ್ದಾರೆ. ಇವರಲ್ಲಿ ಹೆಚ್ಚಿನವರು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯವರು. ಈ ಜಿಲ್ಲೆ ೧೯೫೬ರವರೆಗೆ ಮದರಾಸು ಆಡಳಿತಕ್ಕೆ ಸೇರಿತ್ತು. ಅದರ ಪಾಲಿಗೆ ಮದರಾಸು ರಾಜಧಾನಿ, ಮುಂಬಯಿ ಅನ್ನದ ಊರು.

೨

ಮುಂಬಯಿಯ ಉಡುಪಿ ಹೋಟೆಲಿನ ನೆಲೆ ಮಾಟುಂಗಾ. ೧೮೯೮ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಮಂಡಳಿಯು ದಾದರ್–ಮಾಟುಂಗಾ ಪ್ರದೇಶವನ್ನು ಬಡಾವಣೆಯಾಗಿ ರೂಪಿಸಿದ ಮೇಲೆ, ಕಚೇರಿಗಳಲ್ಲಿ ಗುಮಾಸ್ತೆಗಿರಿಗೆಂದು ಬಂದ ದಕ್ಷಿಣ ಭಾರತದವರು ಅಲ್ಲಿ ನೆಲೆಸಿದರು. ನಿಖಿಲ್ ರಾವ್ ಅವರು ೨೦೧೩ರಲ್ಲಿ ಪ್ರಕಟಿಸಿದ ಮುಂಬಯಿ ಉಪನಗರಗಳ ಅಧ್ಯಯನದಲ್ಲಿ ಈ ಬೆಳವಣಿಗೆಯನ್ನು ವಿವರವಾಗಿ ನಿರೂಪಿಸಿದ್ದಾರೆ. ಕುಟುಂಬವನ್ನು ಊರಿನಲ್ಲಿ ಬಿಟ್ಟು ಬಂದ ಗುಮಾಸ್ತನಿಗೆ ಊಟ ಬೇಕಿತ್ತು. ತನ್ನ ಆಚಾರಕ್ಕೆ ಒಪ್ಪುವ, ಸಂಬಳಕ್ಕೆ ನಿಲುಕುವ ಊಟ. ಈ ಅಗತ್ಯವೇ ಊಟದ ಬೋರ್ಡಿಂಗುಗಳಿಗೆ ಜನ್ಮವಿತ್ತಿತು. ಕಾರ್ಕಳದ ಕಡೆಯ ಎ. ರಾಮ ನಾಯಕರು ಬಾಲ್ಯದಲ್ಲಿಯೇ ಮುಂಬಯಿಗೆ ಬಂದು, ಅಡಿಗೆಮನೆಯ ಚಿಲ್ಲರೆ ಕೆಲಸಗಳಿಂದ ಬದುಕನ್ನು ಆರಂಭಿಸಿ, ೧೯೪೨ರಲ್ಲಿ ಮಾಟುಂಗಾ ರೈಲು ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಸ್ಥಾಪಿಸಿದರು. ಬಾಳೆಲೆಯ ಊಟಕ್ಕೆ ಅದು ಇಂದಿಗೂ ಹೆಸರಾಗಿದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಗ್ಗದ ಊಟವನ್ನು ಕೊಡುವುದಕ್ಕೆ ಅಗ್ಗದ ದುಡಿಮೆ ಬೇಕು. ಮುಂಬಯಿಯಲ್ಲಿ ಬಾಡಿಗೆ ದುಬಾರಿ, ಅಕ್ಕಿ ಬೇಳೆ ಹೊರಗಿನಿಂದ ಬರಬೇಕು. ಧಣಿಯ ಕೈಯಲ್ಲಿ ಇಳಿಸಬಹುದಾದ ವೆಚ್ಚ ಎಂದರೆ ದುಡಿಮೆಯ ವೆಚ್ಚ ಒಂದೇ. ಅದನ್ನು ಇಳಿಸಿದ್ದು ಒಂದು ಸರಳ ವ್ಯವಸ್ಥೆ. ಹುಡುಗ ಹೋಟೆಲಿನಲ್ಲೇ ಉಣ್ಣುತ್ತಿದ್ದ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಕೂಡಿಸಿಯೋ ಮಾಳಿಗೆಯ ಮೇಲೋ ಮಲಗುತ್ತಿದ್ದ. ಪಗಾರವೆಂಬುದು ಅನ್ನ ಮತ್ತು ಸೂರಿನ ಮೇಲೆ ಕೊಡುವ ಸಣ್ಣ ಮೊತ್ತ. ಅದನ್ನೂ ಹಲವು ಸಂದರ್ಭಗಳಲ್ಲಿ ಧಣಿಯ ಬಳಿಯೇ ಜಮೆಯಾಗಿ ಇರಿಸಿ, ಊರಿಗೆ ಹೋಗುವಾಗ ಒಟ್ಟಾಗಿ ಪಡೆಯುವ ರೂಢಿ ಇತ್ತು.

ನೇಮಕದ ಕ್ರಮವೂ ಇದಕ್ಕೆ ಹೊಂದುವಂತಹದು. ಅರ್ಜಿ ಇಲ್ಲ, ಸಂದರ್ಶನ ಇಲ್ಲ, ಕರಾರು ಪತ್ರವಂತೂ ಇಲ್ಲವೇ ಇಲ್ಲ. ಊರಿಗೆ ಹೋದ ನೌಕರ ಹಿಂದಿರುಗುವಾಗ ತಮ್ಮನನ್ನೋ ನೆರೆಮನೆಯ ಹುಡುಗನನ್ನೋ ಕರೆತರುತ್ತಿದ್ದ. ಕರೆತಂದವನೇ ಜಾಮೀನು. ಹುಡುಗ ತಪ್ಪು ಮಾಡಿದರೆ ಕರೆತಂದವನ ಮುಖ ಕೆಳಗಾಗುತ್ತಿತ್ತು. ಸುದ್ದಿ ಊರಿನ ಮನೆಗೂ ತಲುಪುತ್ತಿತ್ತು. ಬಂಟ, ಬಿಲ್ಲವ, ಮೊಗವೀರ ಸಮಾಜಗಳಲ್ಲಿ ರೂಢಿಯಲ್ಲಿದ್ದ ಅಳಿಯಸಂತಾನ ಪದ್ಧತಿಯನ್ನು ಇಲ್ಲಿ ಮರೆಯುವಂತಿಲ್ಲ. ಸೋದರಮಾವನಿಗೆ ಅಕ್ಕತಂಗಿಯರ ಮಕ್ಕಳ ಹೊಣೆ ಕುಲಧರ್ಮವೇ ಆಗಿತ್ತು. ಮಾವನು ಅಳಿಯನನ್ನು ಮುಂಬಯಿಗೆ ಕರೆಸಿಕೊಂಡರೆ ಅದು ಏಕಕಾಲದಲ್ಲಿ ಬಂಧುತ್ವದ ಪಾಲನೆ, ನೌಕರನ ನೇಮಕ ಮತ್ತು ಉತ್ತರಾಧಿಕಾರಿಯ ತರಬೇತಿ.

ಎಲ್ಲ ಹುಡುಗರನ್ನೂ ಹಿರಿಯರೇ ಕರೆತಂದರೆಂದು ಭಾವಿಸಬೇಕಾಗಿಲ್ಲ. ಗ್ರಾಮೀಣ ಕರ್ನಾಟಕದಿಂದ ದುಡಿಮೆಗೆ ಹೊರಟ ಬಾಲಕರನ್ನು ಕುರಿತು ವೇಗಾರ್ಡ್ ಇವರ್ಸೆನ್ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನವು, ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನ ಹುಡುಗರು ತಂದೆತಾಯಿಯರನ್ನು ಕೇಳದೆ ತಾವೇ ನಿರ್ಧರಿಸಿ ಹೊರಡುವುದು ಸಾಮಾನ್ಯವಾಗಿತ್ತೆಂದು ತೋರಿಸಿದೆ. ದೆಹಲಿಯ ಓದುಗರಿಗೆ ಪರಿಚಿತವಾದ ಸಾಗರ್ ಹೋಟೆಲನ್ನು ೧೯೮೬ರಲ್ಲಿ ಡಿಫೆನ್ಸ್ ಕಾಲನಿಯಲ್ಲಿ ಆರಂಭಿಸಿದ ಕಾರ್ಕಳದ ಜಯರಾಮ ಬನಾನರು, ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ತಂದೆಯ ಭಯದಿಂದ ಮನೆಬಿಟ್ಟು ಮುಂಬಯಿ ಸಮೀಪದ ಪನ್ವೇಲಿಗೆ ಹೋದವರು. ಅಲ್ಲಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವುದರಿಂದ ಅವರ ವೃತ್ತಿಜೀವನ ಆರಂಭವಾಯಿತು. ಓಡಿಬಂದ ಹುಡುಗನಿಗೂ ಬೇಕಾದದ್ದು ಪರಿಚಯದ ಒಂದು ಬಾಗಿಲು. ಆ ಬಾಗಿಲು ಊರಿನವರ ಹೋಟೆಲು ಅಥವಾ ಕ್ಯಾಂಟೀನು.

೩

ಮಧ್ಯಕಾಲೀನ ಕನ್ನಡ ಸಾಹಿತ್ಯ ಮತ್ತು ಶಾಸನಗಳ ಅಭ್ಯಾಸಿಗಳಿಗೆ ಈ ಸಂಬಂಧ ಅಪರಿಚಿತವೆನಿಸದು. ಉಂಡ ಅನ್ನಕ್ಕೆ ಪ್ರತಿಯಾಗಿ ಸಲ್ಲಿಸುವ ನಿಷ್ಠೆಯನ್ನು ನಮ್ಮ ಶಾಸನಗಳು ‘ಜೋಳವಾಳಿ’ ಎಂದು ಕರೆದಿವೆ. ಪಂಪನ ಕಾವ್ಯದಲ್ಲಿಯೂ ‘ಜೋಳದ ಪಾಳಿ’ಯ ಕಲ್ಪನೆ ಇದೆ. ದುರ್ಯೋಧನನನ್ನು ತೊರೆಯಲಾರದ ಕರ್ಣನ ನಿಲುವನ್ನು ಈ ಕಲ್ಪನೆಯಿಲ್ಲದೆ ಅರ್ಥಮಾಡಿಕೊಳ್ಳಲಾಗದು. ವೇಳೆವಾಳಿ, ಲೆಂಕವಾಳಿ ಎಂಬ ಇನ್ನೂ ಕಠಿಣವಾದ ವ್ರತಗಳೂ ಇದ್ದವು. ಇವೆಲ್ಲವುಗಳಲ್ಲಿ ಒಡೆಯನಿಗೂ ಸೇವಕನಿಗೂ ನಡುವೆ ಲಿಖಿತ ಒಪ್ಪಂದವಿಲ್ಲ. ಅನ್ನವೇ ಒಪ್ಪಂದ.

ಹೋಟೆಲಿನ ಧಣಿಯೂ ನೌಕರನೂ ಈ ಪದಗಳನ್ನು ಬಲ್ಲವರೇನಲ್ಲ. ಅವರ ಬಾಯಲ್ಲಿ ಇದ್ದುದು ‘ಉಪ್ಪಿನ ಋಣ’, ‘ಉಂಡ ಮನೆ’ ಎಂಬ ಮಾತುಗಳು. ಆದರೆ ತರ್ಕ ಅದೇ. ಹೋಟೆಲು ಬಿಟ್ಟು ಪಕ್ಕದ ಬೀದಿಯ ಹೋಟೆಲಿಗೆ ಐದು ರೂಪಾಯಿ ಹೆಚ್ಚಿಗೆಂದು ಹೋದವನ ಮೇಲೆ ಬೀಳುತ್ತಿದ್ದ ಆಪಾದನೆ ಕರಾರು ಮುರಿದನೆಂದಲ್ಲ, ಉಂಡ ಮನೆಗೆ ಎರಡು ಬಗೆದನೆಂದು. ಧಣಿಗೆ ಇದರ ಲಾಭ ಸ್ಪಷ್ಟ. ಮೇಲ್ವಿಚಾರಣೆಯ ವೆಚ್ಚವಿಲ್ಲದೆ ಶಿಸ್ತು ದೊರೆಯಿತು. ನೌಕರನಿಗೂ ಲಾಭವಿಲ್ಲದಿರಲಿಲ್ಲ. ಭಾಷೆ ತಿಳಿಯದ ಊರಿನಲ್ಲಿ ಅವನಿಗೆ ಮೊದಲ ರಾತ್ರಿಯೇ ಮಲಗಲು ಜಾಗ, ಮರುದಿನ ಬೆಳಿಗ್ಗೆ ಉಪಾಹಾರ ಸಿಗುತ್ತಿತ್ತು. ಜ್ವರ ಬಂದರೆ ಗಂಜಿ ಕಾಸಿ ಕೊಡುವವರಿದ್ದರು.

ಈ ವ್ಯವಸ್ಥೆಯೊಳಗೆ ಎರಡು ಏಣಿಗಳಿದ್ದುವು. ಒಂದು ಹೊರಗಿನದು: ಮೇಜು ಒರೆಸುವವ, ಕ್ಲೀನರ್, ಸಪ್ಲಾಯರ್, ಗಲ್ಲಾದ ಮೇಲೆ ಕುಳಿತುಕೊಳ್ಳುವವ, ಮ್ಯಾನೇಜರ್. ಇನ್ನೊಂದು ಒಳಗಿನದು: ರುಬ್ಬುವವ, ಇಡ್ಲಿ ಬೇಯಿಸುವವ, ದೋಸೆಯ ಕಾವಲಿಯವ, ಅಡಿಗೆಭಟ್ಟ. ಹೊರಗಿನ ಏಣಿಯ ನಿರ್ಣಾಯಕ ಮೆಟ್ಟಿಲು ಗಲ್ಲಾ. ನಗದು ಅಲ್ಲಿರುವುದರಿಂದ ಆ ಸ್ಥಾನವು ಬಹುತೇಕ ಬಂಧುವಿಗೆ ಮೀಸಲು. ಒಳಗಿನ ಏಣಿಯನ್ನು ಕಾಯುತ್ತಿದ್ದುದು ಜಾತಿ. ದಕ್ಷಿಣ ಭಾರತದ ಸಣ್ಣ ಉಪಾಹಾರಗೃಹಗಳಲ್ಲಿ ಆಹಾರ, ಜಾತಿ ಮತ್ತು ಉದ್ಯೋಗಾರ್ಹತೆಯ ಸಂಬಂಧವನ್ನು ಕುರಿತು ಇವರ್ಸೆನ್ ಹಾಗೂ ಪಿ. ಎಸ್. ರಾಘವೇಂದ್ರ ೨೦೦೬ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ನಾಮಫಲಕವು ಏನನ್ನು ಮರೆಮಾಡುತ್ತದೆ ಎಂಬ ಪ್ರಶ್ನೆಯಾಗಿರುವುದು ಅರ್ಥಪೂರ್ಣ. ಗಿರಾಕಿಗೆ ಎಲ್ಲ ಜಾತಿಯವರಿಗೂ ತೆರೆದ ಬಾಗಿಲು ಕಾಣುತ್ತದೆ. ಅಡಿಗೆಮನೆಯ ಬಾಗಿಲು ಎಲ್ಲ ನೌಕರರಿಗೂ ಅಷ್ಟೇ ತೆರೆದಿರಲಿಲ್ಲ. ಎರಡೂ ಏಣಿಗಳಿಗೆ ತುದಿಯಿತ್ತು, ಆದರೆ ಆ ತುದಿಗೆ ಯಾರು ತಲುಪಬಹುದು ಎಂಬುದು ಮೊದಲ ಮೆಟ್ಟಿಲಿನಲ್ಲಿಯೇ ಅರ್ಧ ತೀರ್ಮಾನವಾಗಿರುತ್ತಿತ್ತು.

ಮೇಲೇರಿದವರು ಹೇಗೆ ಏರಿದರು? ಮುಂಬಯಿ ಹೋಟೆಲು ವ್ಯವಹಾರದಲ್ಲಿ ‘ಕಂಡಕ್ಟಿಂಗ್’ ಎಂಬ ಪದ್ಧತಿಯಿದೆ. ಜಾಗವೂ ಪರವಾನಗಿಯೂ ಒಬ್ಬನ ಹೆಸರಿನಲ್ಲಿದ್ದು, ಇನ್ನೊಬ್ಬ ಗೊತ್ತಾದ ಮೊತ್ತವನ್ನು ಸಲ್ಲಿಸಿ ಹೋಟೆಲನ್ನು ನಡೆಸುವ ಏರ್ಪಾಡು ಇದು. ಬಂಡವಾಳವಿಲ್ಲದ, ಆದರೆ ಕಸುಬು ತಿಳಿದ ಹಳೆಯ ನೌಕರನಿಗೆ ಧಣಿತನದ ಮೊದಲ ಮೆಟ್ಟಿಲು ಇದೇ. ನಂಬಿಕೆಯೇ ಇಲ್ಲಿ ಬಂಡವಾಳ. ಸಮುದಾಯಗಳು ಸಹಕಾರಿ ಸಾಲದ ವ್ಯವಸ್ಥೆಯನ್ನೂ ಕಟ್ಟಿಕೊಂಡವು. ಬಿಲ್ಲವರ ಅಸೋಸಿಯೇಶನ್ನಿನ ಪ್ರಯತ್ನದಿಂದ ೧೯೭೮ರಲ್ಲಿ ಆರಂಭವಾದ ಭಾರತ್ ಕೋ-ಆಪರೇಟಿವ್ ಬ್ಯಾಂಕು ಇದಕ್ಕೆ ಒಳ್ಳೆಯ ಉದಾಹರಣೆ.

ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚಿತ್ರ ಅಪೂರ್ಣ. ಮಧ್ಯಕಾಲದ ಜೋಳವಾಳಿಗೆ ಇನ್ನೊಂದು ಮುಖವಿತ್ತು. ಒಡೆಯನಿಗಾಗಿ ಮಡಿದ ವೀರನ ಕುಟುಂಬಕ್ಕೆ ‘ನೆತ್ತರುಗೊಡಗೆ’ಯ ಭೂಮಿ ಸಲ್ಲುತ್ತಿತ್ತು, ‘ಬಾಳ್ಗಚ್ಚು’ ಎಂಬ ಗೌರವದ ದಾನ ಸಲ್ಲುತ್ತಿತ್ತು. ಅದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಬರೆಯಿಸಲಾಗುತ್ತಿತ್ತು. ಋಣ ಎರಡೂ ಕಡೆಗೆ ಇತ್ತು, ಮತ್ತು ಒಡೆಯನ ಕಡೆಯ ಋಣ ಲಿಖಿತವಾಗಿತ್ತು. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತ ಅಡಿಗೆಯವನಿಗೆ ಕಣ್ಣು ಮಂಜಾದಾಗ ಸಲ್ಲಬೇಕಾದದ್ದು ಏನು? ಉದಾರಿಯಾದ ಧಣಿ ಮನೆ ಕಟ್ಟಲು ನೆರವಾದ, ಮಗಳ ಮದುವೆಗೆ ಹಣ ಕೊಟ್ಟ ಪ್ರಸಂಗಗಳು ಸಮುದಾಯದ ನೆನಪಿನಲ್ಲಿವೆ. ಆದರೆ ಅವು ಧಣಿಯ ಔದಾರ್ಯದ ಕಥೆಗಳು, ನೌಕರನ ಹಕ್ಕಿನ ದಾಖಲೆಗಳಲ್ಲ.

೪

ನೌಕರನ ಹೆಸರನ್ನು ಕಾಗದದ ಮೇಲೆ ಬರೆದ ಶಕ್ತಿಗಳು ಮೂರು: ಕಾನೂನು, ಕಾರ್ಮಿಕ ಸಂಘ, ರಾತ್ರಿ ಶಾಲೆ.

ಮುಂಬಯಿ ಪ್ರಾಂತದಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಮೊದಲ ಕಾಯಿದೆ ೧೯೩೯ರಲ್ಲಿಯೂ ಹೆಚ್ಚು ವಿಸ್ತಾರವಾದದ್ದು ೧೯೪೮ರಲ್ಲಿಯೂ ಬಂದುವು. ೧೯೪೮ರ ಕಾಯಿದೆಯು ಹೋಟೆಲು ಮತ್ತು ಉಪಾಹಾರಗೃಹಗಳಿಗೆಂದೇ ಪ್ರತ್ಯೇಕ ಅಧ್ಯಾಯವನ್ನು ಇರಿಸಿತು. ದಿನಕ್ಕೆ ಒಂಬತ್ತು ಗಂಟೆಗಳ ದುಡಿಮೆಯ ಮಿತಿ ಮತ್ತು ವಾರಕ್ಕೊಂದು ರಜೆಯನ್ನು ವಿಧಿಸಿತು. ಇನ್ನೊಂದು ವಿಧಿ ನಮ್ಮ ದೃಷ್ಟಿಯಿಂದ ಹೆಚ್ಚು ಮಹತ್ವದ್ದು. ಹೋಟೆಲಿನ ಪ್ರತಿ ನೌಕರನಿಗೂ ಧಣಿಯು ಗುರುತು ಚೀಟಿಯನ್ನು ಕೊಡಬೇಕಾಗಿತ್ತು. ನೌಕರನ ಹೆಸರು, ವಯಸ್ಸು, ಕೆಲಸದ ವೇಳೆ, ರಜೆಯ ದಿನ ಅದರಲ್ಲಿ ನಮೂದಾಗಬೇಕಿತ್ತು. ‘ಇಂಥವರ ಕಡೆಯ ಹುಡುಗ’ನಾಗಿದ್ದವನು ಕಾನೂನಿನ ಕಣ್ಣಿನಲ್ಲಿ ಸ್ವಂತ ಹೆಸರಿನವನಾದ. ಅದೇ ವರ್ಷದ ಕನಿಷ್ಠ ವೇತನ ಕಾಯಿದೆಯು ವೇತನವನ್ನು ನಗದಿನಲ್ಲಿ ಕೊಡಬೇಕೆಂಬುದನ್ನು ಸಾಮಾನ್ಯ ನಿಯಮವನ್ನಾಗಿಸಿ, ವಸ್ತುರೂಪದ ವೇತನವನ್ನು ರೂಢಿಯಿರುವೆಡೆ ಸರಕಾರದ ಅಧಿಸೂಚನೆಗೆ ಒಳಪಟ್ಟ ಅಪವಾದವನ್ನಾಗಿಸಿತು. ಅನ್ನವೇ ಒಪ್ಪಂದವಾಗಿದ್ದ ವ್ಯವಸ್ಥೆಗೆ ಇದು ತಾತ್ತ್ವಿಕವಾಗಿ ದೊಡ್ಡ ಪಲ್ಲಟ. ಅನ್ನಕ್ಕೆ ಬೆಲೆ ಕಟ್ಟಬೇಕು, ಉಳಿದದ್ದನ್ನು ಎಣಿಸಿ ಕೊಡಬೇಕು ಎಂದಾಯಿತು.

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಕೇಳುವವರು ಬೇಕು. ಮಂಗಳೂರಿನಲ್ಲಿಯೇ ಹೋಟೆಲು ನೌಕರರನ್ನು ಸಂಘಟಿಸುವ ಕೆಲಸಕ್ಕೆ ಇಳಿದಿದ್ದ ಜಾರ್ಜ್ ಫರ್ನಾಂಡಿಸರು ೧೯೪೯ರಲ್ಲಿ ಮುಂಬಯಿಗೆ ಬಂದು, ಬಂದರು ಕಾರ್ಮಿಕರ ನಾಯಕ ಪಿ. ಡಿಮೆಲ್ಲೊ ಅವರ ಸಹವಾಸದಲ್ಲಿ ಬೆಳೆದು, ಐವತ್ತರ ದಶಕದಲ್ಲಿ ಟ್ಯಾಕ್ಸಿ ಚಾಲಕರು, ನಗರಸಭೆಯ ಕೆಲಸಗಾರರು ಮತ್ತು ಹೋಟೆಲು ನೌಕರರನ್ನು ಸಂಘಟಿಸಿದರು. ೧೯೬೭ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ ಅವರ ಬೆನ್ನಿಗೆ ಈ ಸಂಘಟನೆಗಳ ಬಲವಿತ್ತು. ಧಣಿ, ನೌಕರ ಮತ್ತು ಕಾರ್ಮಿಕ ನಾಯಕ ಮೂವರೂ ಒಂದೇ ಜಿಲ್ಲೆಯವರಾಗಿರಬಹುದಾದ ಸಂದರ್ಭ ಇದು. ಒಂದೇ ಭಾಷೆಯಲ್ಲಿ ಋಣದ ಮಾತೂ ಹಕ್ಕಿನ ಮಾತೂ ಎದುರುಬದುರಾದವು. ಆದರೆ ೧೯೬೬ರಲ್ಲಿ ಹುಟ್ಟಿದ ಶಿವಸೇನೆಯು ದಕ್ಷಿಣ ಭಾರತೀಯರ ವಿರುದ್ಧ ನಡೆಸಿದ ಚಳವಳಿಯಲ್ಲಿ ಉಡುಪಿ ಹೋಟೆಲುಗಳು ದಾಳಿಗೆ ಗುರಿಯಾದವು. ಕಲ್ಲು ಬೀಳುವಾಗ ಗಲ್ಲಾದ ಮೇಲಿದ್ದವನಿಗೂ ಮೇಜು ಒರೆಸುವವನಿಗೂ ಭೇದವಿರಲಿಲ್ಲ. ಹೊರಗಿನ ಬೆದರಿಕೆಯು ಒಳಗಿನ ತಕರಾರನ್ನು ಕೆಲಕಾಲವಾದರೂ ಅದುಮಿತೆಂದು ಊಹಿಸಲು ಅವಕಾಶವಿದೆ. ಧಣಿಗಳ ಸಂಘಟನೆಯಾದ ‘ಆಹಾರ್’ ೧೯೭೯ರಲ್ಲಿ ಸ್ಥಾಪನೆಯಾಯಿತು.

ಮೂರನೆಯದಾದ ರಾತ್ರಿ ಶಾಲೆ ಈ ಚರಿತ್ರೆಯ ಅತ್ಯಂತ ಸ್ವಾರಸ್ಯಕರ ಸಂಸ್ಥೆ. ೧೯೦೨ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ೧೯೩೨ರ ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ದುಡಿಯುವ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಮೊಗವೀರ ರಾತ್ರಿ ಪ್ರೌಢಶಾಲೆ, ಗುರುನಾರಾಯಣ ರಾತ್ರಿ ಪ್ರೌಢಶಾಲೆಗಳ ಹೆಸರು ಮುಂಬಯಿ ಕನ್ನಡಿಗರಲ್ಲಿ ಮನೆಮಾತು. ಹೋಟೆಲು ಹುಡುಗ ಈ ಶಾಲೆಗೆ ಹೋಗಬೇಕಾದರೆ ಸಂಜೆಯ ಎರಡು ಮೂರು ಗಂಟೆ ಬಿಡುವು ಬೇಕು. ಸಂಜೆಯೆಂದರೆ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲಿನ ಹೊತ್ತು. ಆ ಗಂಟೆಗಳನ್ನು ಬಿಟ್ಟುಕೊಡುವುದೆಂದರೆ ಧಣಿಗೆ ನಷ್ಟ. ಅನ್ನ ಹಾಕುವುದಕ್ಕಿಂತ ವೇಳೆಯನ್ನು ಕೊಡುವುದು ಧಣಿಗೆ ಕಷ್ಟದ ದಾನವಾಗಿತ್ತು. ಕೊಟ್ಟವರೂ ಇದ್ದರು, ಕೊಡದವರೂ ಇದ್ದರು. ಶಾಲೆಗಳನ್ನು ನಡೆಸಿದ ಸಂಘಗಳಿಗೆ ಚಂದಾ ಕೊಟ್ಟವರಲ್ಲಿ ಧಣಿಗಳೂ ಇದ್ದುದರಿಂದ, ಹುಡುಗನನ್ನು ಶಾಲೆಗೆ ಬಿಡದ ಧಣಿಗೆ ಸಮಾಜದಲ್ಲಿ ಸಂಕೋಚದ ಸ್ಥಿತಿ ಒದಗುತ್ತಿತ್ತು. ಕಾನೂನಿನ ಒಂಬತ್ತು ಗಂಟೆಯ ಮಿತಿಗಿಂತ ಈ ಸಂಕೋಚವೇ ಹೆಚ್ಚು ಪರಿಣಾಮಕಾರಿಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಹತ್ತನೆಯ ತರಗತಿ ಮುಗಿಸಿದ ಹುಡುಗ ಬ್ಯಾಂಕಿಗೋ ಕಚೇರಿಗೋ ಹೋಗಬಲ್ಲವನಾದ. ಧಣಿಯಾಗದೆಯೂ ಹೋಟೆಲಿನಿಂದ ಹೊರಬರುವ ದಾರಿಯೊಂದು ತೆರೆಯಿತು. ಜೀವನವೃತ್ತಾಂತಗಳು ಬಿಟ್ಟುಬಿಟ್ಟ ಬಹುಸಂಖ್ಯಾತರ ಏಳಿಗೆಯ ದಾರಿ ಇದು.

೫

ಎಪ್ಪತ್ತರ ದಶಕದ ಬಳಿಕ ಈ ವ್ಯವಸ್ಥೆಯ ಬುಡ ಅಲುಗಿತು. ೧೯೭೪ರಲ್ಲಿ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರಿಗೆ ಭೂಮಿ ದೊರೆಯಿತು. ಭೂಮಿ ಕಳೆದುಕೊಂಡ ಬಂಟ ಕುಟುಂಬಗಳ ಅನೇಕ ತರುಣರು ಮುಂಬಯಿಯ ಹೋಟೆಲು ವ್ಯವಹಾರಕ್ಕೆ ಇಳಿದರು. ಪಾನನಿಷೇಧದ ಬಿಗಿ ಸಡಿಲಿದ ಮೇಲೆ ಪರ್ಮಿಟ್ ರೂಮುಗಳೂ ಬಂದುವು. ಇತ್ತ ಭೂಮಿ ಪಡೆದ ಗೇಣಿದಾರನ ಮಗ ಊರಿನ ಶಾಲೆಗೆ ಹೋದ, ಕಾಲೇಜಿಗೆ ಹೋದ, ಕೊಲ್ಲಿ ದೇಶಗಳಿಗೆ ಹೋದ. ೧೯೯೮ರಲ್ಲಿ ಕೊಂಕಣ ರೈಲು ಪೂರ್ಣಗೊಂಡು ಊರು ಹತ್ತಿರವಾದಾಗ, ಆ ರೈಲಿನಲ್ಲಿ ಮೇಜು ಒರೆಸಲು ಬರುವ ಹುಡುಗರು ವಿರಳವಾಗಿದ್ದರು. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ೨೦೦೬ರ ಅಕ್ಟೋಬರಿನಿಂದ ನಿಷೇಧಿಸಲಾಯಿತು. ಅದು ಸರಿಯಾದ ಕ್ರಮ. ಆದರೆ ತುಳುನಾಡಿನ ಬಾಲಕರ ಮಟ್ಟಿಗೆ ಆ ಪರಂಪರೆ ಅಷ್ಟರಲ್ಲಿಯೇ ಬಹುಮಟ್ಟಿಗೆ ನಿಂತಿತ್ತು. ಇಂದು ಮುಂಬಯಿಯ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವನು ಉತ್ತರ ಪ್ರದೇಶ, ಬಿಹಾರ, ಒಡಿಶಾ ಅಥವಾ ನೇಪಾಳದ ಕಡೆಯವನಾಗಿರುವುದು ಸಾಮಾನ್ಯ. ರಾತ್ರಿ ಶಾಲೆಗಳಲ್ಲಿ ಹಲವು ಮುಚ್ಚಿಹೋಗಿವೆ.

ಇಲ್ಲಿ ಒಂದು ವಿಪರ್ಯಾಸವಿದೆ. ೧೯೭೨ರ ಗ್ರಾಚ್ಯುಯಿಟಿ ಕಾಯಿದೆಯು ಹತ್ತು ಅಥವಾ ಹೆಚ್ಚು ನೌಕರರಿದ್ದ ಸಂಸ್ಥೆಗಳಿಗೆ ಅನ್ವಯವಾಯಿತು. ೧೯೪೮ರ ಕಾಯಿದೆಯ ಬದಲಿಗೆ ಮಹಾರಾಷ್ಟ್ರವು ೨೦೧೭ರಲ್ಲಿ ತಂದ ಹೊಸ ಕಾಯಿದೆಯೂ ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳನ್ನು ಕೇವಲ ಮಾಹಿತಿ ಸಲ್ಲಿಸುವ ಹೊಣೆಗೆ ಸೀಮಿತಗೊಳಿಸಿತು. ಸಣ್ಣ ಉದ್ಯಮಕ್ಕೆ ಇದು ಅನುಕೂಲವೆಂಬುದು ನಿಜ. ಎಂಟು ಹತ್ತು ಜನರ ಹೋಟೆಲನ್ನು ನಡೆಸುವವನಿಗೆ ದಾಖಲೆಗಳ ಹೊರೆ ಸಣ್ಣದಲ್ಲ. ಆದರೆ ಇದರ ಅರ್ಥವೇನೆಂದರೆ, ಸಣ್ಣ ಹೋಟೆಲಿನ ನೌಕರನ ಭದ್ರತೆಯನ್ನು ಕಾನೂನು ಮತ್ತೆ ಬಹುಮಟ್ಟಿಗೆ ಧಣಿಯ ಮೇಲಿನ ನಂಬಿಕೆಗೆ ಒಪ್ಪಿಸಿತು. ಆ ನಂಬಿಕೆಯನ್ನು ಹಿಂದೆ ಕಾಯುತ್ತಿದ್ದುದು ಬಂಧುತ್ವ, ಊರಿನ ಮಾತು, ಸಂಘದ ಸಂಕೋಚ. ಗೋರಖಪುರದ ಕಡೆಯ ಹುಡುಗನಿಗೂ ಕಾರ್ಕಳದ ಕಡೆಯ ಧಣಿಗೂ ನಡುವೆ ಇವು ಯಾವುವೂ ಇಲ್ಲ. ಅನ್ನ, ಸೂರು, ನೌಕರಿ ಮೂರೂ ಒಂದೇ ಬಾಗಿಲಿನೊಳಗೆ ಇರುವ ವ್ಯವಸ್ಥೆ ಮಾತ್ರ ಉಳಿದಿದೆ. ೨೦೨೦ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಹೋಟೆಲುಗಳ ಬಾಗಿಲು ಮುಚ್ಚಿದಾಗ, ಹೋಟೆಲಿನಲ್ಲಿಯೇ ಉಂಡು ಮಲಗುತ್ತಿದ್ದವನು ಮೂರನ್ನೂ ಏಕಕಾಲಕ್ಕೆ ಕಳೆದುಕೊಳ್ಳುವ ಸ್ಥಿತಿ ಬಂತು. ಕೆಲವು ಧಣಿಗಳು ಹುಡುಗರನ್ನು ಒಳಗೇ ಇರಿಸಿಕೊಂಡು ಊಟ ಹಾಕಿದರು. ಅದು ಜೋಳವಾಳಿಯ ಎರಡನೆಯ ಮುಖ, ಒಡೆಯನ ಋಣ. ಆದರೆ ಅದು ಸಲ್ಲುವುದೂ ಸಲ್ಲದಿರುವುದೂ ಧಣಿಯ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು.

ಆದುದರಿಂದ ಮುಂಬಯಿಯ ಉಡುಪಿ ಹೋಟೆಲಿನ ಚರಿತ್ರೆಯನ್ನು ಬರೆಯುವವರು ಸ್ಮರಣ ಸಂಚಿಕೆಗಳಿಂದ ಹಾಜರಿ ಪುಸ್ತಕಗಳ ಕಡೆಗೆ ಹೊರಳುವುದು ಅಗತ್ಯ. ರಾತ್ರಿ ಶಾಲೆಯ ದಾಖಲಾತಿ ಪುಸ್ತಕ, ಸಂಘಗಳ ನಡಾವಳಿ, ಕಾರ್ಮಿಕ ಸಂಘದ ಸದಸ್ಯತ್ವದ ಪಟ್ಟಿ, ಹೋಟೆಲಿನ ಹಳೆಯ ಪಗಾರ ಪುಸ್ತಕ ಇವು ಈ ಅಧ್ಯಯನದ ಶಾಸನಗಳು. ಧಣಿಯಾಗದ ಹುಡುಗನ ಹೆಸರು, ಊರು, ವಯಸ್ಸು ಸಿಗುವುದಿದ್ದರೆ ಅಲ್ಲಿ ಸಿಗಬೇಕು. ಮುಚ್ಚಿದ ಶಾಲೆಯ ಕಪಾಟು ರದ್ದಿ ಅಂಗಡಿಗೆ ಸೇರುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ವೀರಗಲ್ಲುಗಳನ್ನು ಹೊಲಗದ್ದೆಗಳಲ್ಲಿ ಹುಡುಕಿ, ಪಡಿಯಚ್ಚು ತೆಗೆದು ಉಳಿಸಿಕೊಂಡ ಪರಂಪರೆ ನಮ್ಮದು. ಅಂಥದೇ ಶ್ರದ್ಧೆಯಿಂದ ಈ ಪುಸ್ತಕಗಳ ಪ್ರತಿ ಮಾಡಿಸಿ ರಕ್ಷಿಸುವ ಕೆಲಸವನ್ನು ಮುಂಬಯಿಯ ಮತ್ತು ಹೊರನಾಡಿನ ಕನ್ನಡ ಸಂಶೋಧಕರು ಕೂಡಲೇ ಕೈಗೊಳ್ಳಬೇಕಾಗಿದೆ.